ಮ್ಯಾಡಿಸನ್‌ನಲ್ಲಿ ಮನೆ ಬಾಡಿಗೆ: ರಾತ್ರಿಯ ಲೆಕ್ಕವೋ, ತಿಂಗಳ ಲೆಕ್ಕವೋ

ವಿಸ್ಕಾನ್ಸಿನ್‌ನ ರಾಜಧಾನಿ ಮ್ಯಾಡಿಸನ್‌ನಲ್ಲಿ ನಾನು ಎರಡನ್ನೂ ಮಾಡಿ ನೋಡಿದ್ದೇನೆ. ನಾವು ವಾಸವಿರುವ ಮನೆಯ ಮಹಡಿಯ ಕೋಣೆಯನ್ನು ರಾತ್ರಿಯ ಲೆಕ್ಕದಲ್ಲಿ ಕೊಡುತ್ತೇನೆ. ಸಾಲ ಮಾಡಿ ಕೊಂಡ ಎರಡನೆಯ ಮನೆಯನ್ನು ತಿಂಗಳ ಲೆಕ್ಕದಲ್ಲಿ.

ಹಣ ಹೂಡಲು ಹೊರಟ ಸ್ನೇಹಿತರು ಮೊದಲು ಕೇಳುವುದು ಫುಟ್‌ಬಾಲ್ ಶನಿವಾರದ, ಅಂದರೆ ಇಲ್ಲಿನ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಪಂದ್ಯದ ದಿನದ, ದರವನ್ನು. ಆ ತಂಡದ ಕ್ಯಾಂಪ್ ರಾಂಡಲ್ ಕ್ರೀಡಾಂಗಣದಲ್ಲಿ 75 ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತಾರೆ. ಪಂದ್ಯದ ಹಿಂದಿನ ರಾತ್ರಿ ಕೋಣೆಗೆ ಕೇಳಿದಷ್ಟು ಕೊಡುವವರಿದ್ದಾರೆ, ನಿಜ. ಆದರೆ ಇಲ್ಲಿ ನಡೆಯುವ ಪಂದ್ಯಗಳು ವರ್ಷಕ್ಕೆ ಏಳರ ಆಸುಪಾಸು. ಆ ದರವನ್ನು ನಂಬಿ ಯಾರಾದರೂ ಮನೆ ಕೊಳ್ಳುತ್ತೇನೆಂದರೆ ನನಗೆ ಭಯವಾಗುತ್ತದೆ.

ಏಕೆಂದರೆ ನಗರದ ನಿಯಮ ಬಿಗಿ. ಏಳು ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವ ಮನೆ, ಕೊಡುವವರ ಮುಖ್ಯ ವಾಸದ ಮನೆಯೇ ಆಗಿರಬೇಕು. ನಾವು ಮನೆಯಲ್ಲಿದ್ದರೆ ದಿನಗಳ ಮಿತಿ ಇಲ್ಲ. ಬೀಗದ ಕೈ ಕೊಟ್ಟು ಹೊರಟರೆ ಪರವಾನಗಿ ವರ್ಷವೊಂದಕ್ಕೆ 30 ದಿನ ಮಾತ್ರ. ಆ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಒಮ್ಮೆ ಜೂನ್ ನಡುವಿನಲ್ಲಿ ಮೈಸೂರಿಗೆ ಹೋಗಿ ಜುಲೈ ಕೊನೆಗೆ ಬಂದೆವು. ಆ ಆರು ವಾರಗಳು ಎರಡು ಪರವಾನಗಿ ವರ್ಷಗಳಿಗೆ ಹಂಚಿಹೋದದ್ದರಿಂದ ಇಡೀ ಮನೆಯನ್ನು ಕೊಡಲು ಸಾಧ್ಯವಾಯಿತು. ಇದರ ಜೊತೆಗೆ ಆರೋಗ್ಯ ಇಲಾಖೆಯ ಪರವಾನಗಿ, ಭೂಬಳಕೆ ವಲಯದ ಅನುಮತಿ, ಬಾಡಿಗೆಯ ಮೇಲೆ ಶೇ 10ರ ಕೋಣೆ ತೆರಿಗೆ.

ಎರಡನೆಯ ಮನೆಗೆ ವಾರದ ಬಾಡಿಗೆಯ ದಾರಿಯೂ ಇತ್ತು. ಏಳು ದಿನ ಅಥವಾ ಹೆಚ್ಚಿನ ಬಾಡಿಗೆಯನ್ನು ನಗರಗಳು ನಿಷೇಧಿಸುವಂತಿಲ್ಲ ಎನ್ನುತ್ತದೆ ರಾಜ್ಯದ ಕಾನೂನು. ಆದರೆ ವರ್ಷಕ್ಕೆ 180 ದಿನಗಳ ಮಿತಿ ಹಾಕಲು ಅದೇ ಕಾನೂನು ಅವಕಾಶ ಕೊಟ್ಟಿದೆ. ಅರ್ಧ ವರ್ಷ ಖಾಲಿ ಇರುವ ಮನೆಗೆ ಸಾಲದ ಕಂತು ಕಟ್ಟುವವರು ಯಾರು? ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ತಿಂಗಳು ದಾಟುವ ಬಾಡಿಗೆಗೆ ಆ ಪರವಾನಗಿಯೂ ಬೇಡ, ಕೋಣೆ ತೆರಿಗೆಯೂ ಇಲ್ಲ. ಹದಿಮೂರು ವಾರಗಳ ಒಪ್ಪಂದದ ಮೇಲೆ ಆಸ್ಪತ್ರೆಗಳಿಗೆ ಬರುವ ದಾದಿಯರು, ಪಕ್ಕದ ವೆರೋನಾ ಊರಿನಲ್ಲಿರುವ, ಆಸ್ಪತ್ರೆಗಳಿಗೆ ತಂತ್ರಾಂಶ ಮಾಡುವ ಎಪಿಕ್ ಕಂಪನಿಗೆ ಹೊಸದಾಗಿ ಸೇರಿ ಮನೆ ಹುಡುಕುವವರು ಸಿಗುತ್ತಾರೆ. ಪೀಠೋಪಕರಣಕ್ಕೂ ನಾನು ಹೆಚ್ಚು ಖರ್ಚು ಮಾಡಲಿಲ್ಲ. ವಿಶ್ವವಿದ್ಯಾಲಯದ ಸುತ್ತಲಿನ ಬಾಡಿಗೆ ಕರಾರುಗಳು ಆಗಸ್ಟ್ 14ಕ್ಕೆ ಮುಗಿದು 15ಕ್ಕೆ ಶುರುವಾಗುತ್ತವೆ; ಊರಿನವರು ಹಿಪ್ಪಿ ಕ್ರಿಸ್‌ಮಸ್ ಎನ್ನುವ ಆ ದಿನಗಳಲ್ಲಿ ವಿದ್ಯಾರ್ಥಿಗಳು ರಸ್ತೆ ಬದಿಯಲ್ಲಿ ಬಿಟ್ಟುಹೋದ ಓಕ್ ಮರದ ಮೇಜೊಂದನ್ನು ಉಜ್ಜಿ, ಎಣ್ಣೆ ಹಚ್ಚಿ ಇಟ್ಟಿದ್ದೇನೆ.

ರಾತ್ರಿಗೆ ಭಾಗಿಸಿ ನೋಡಿದರೆ ತಿಂಗಳ ಬಾಡಿಗೆ ಮಹಡಿ ಕೋಣೆಯ ದರದ ಅರ್ಧವೂ ಇಲ್ಲ. ಆದರೂ ವರ್ಷದ ಕೊನೆಯಲ್ಲಿ ಕೈಯಲ್ಲಿ ಹೆಚ್ಚು ಉಳಿದದ್ದು ಅದರಿಂದಲೇ. ಹಿಮದ ಕೆಲಸ ಮಾತ್ರ ಎರಡಕ್ಕೂ ಒಂದೇ: ಹಿಮ ನಿಂತ ಮರುದಿನ ಮಧ್ಯಾಹ್ನ ಹನ್ನೆರಡರೊಳಗೆ ಮನೆಯ ಮುಂದಿನ ಕಾಲುದಾರಿಯ ಹಿಮ ತೆಗೆದಿರಬೇಕು.

ಮಹಡಿಯ ಕೋಣೆಯನ್ನು ಈಗ ಪಂದ್ಯದ ಶನಿವಾರಗಳಿಗಷ್ಟೇ ಇಟ್ಟುಕೊಂಡಿದ್ದೇನೆ. ಮೂರನೆಯ ಮನೆ ಕೊಂಡರೂ ಅದು ಆಸ್ಪತ್ರೆಯಿಂದ ಬಸ್ಸಿನ ದೂರದಲ್ಲಿರಬೇಕು, ಕ್ರೀಡಾಂಗಣದಿಂದಲ್ಲ.