ಹೋಂ ನರ್ಸ್, ಆಶ್ರಮ, ಪಕ್ಕದ ಮನೆ ಅಕ್ಕ: ಅಪ್ಪಂಗೆ ಮೂರೂ ಟ್ರೈ ಮಾಡಿ ನೋಡಿದ್ದು

2023ರ ಜನವರಿಲಿ ಅಪ್ಪಂಗೆ ಸ್ಟ್ರೋಕ್ ಆಯ್ತು, ಎಡಗಡೆ ಕೈ ಕಾಲು ಎರಡೂ ಸೋತೋದ್ವು. ಅಮ್ಮ ಇಲ್ಲ, ನಾನು ಬೆಂಗಳೂರು, ತಂಗಿ ಶಿವಮೊಗ್ಗ, ಮನೆ ಇರೋದು ಚಿಕ್ಕಮಗಳೂರಿನ ಆಲ್ದೂರು ಹತ್ರ. 38 ವರ್ಷ ಕಾಫಿ ಎಸ್ಟೇಟಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋರು, ಆಗಿದ್ದ ಮನುಷ್ಯ, ಈಗ್ಲೂ ಊರೆಲ್ಲ ರೈಟ್ರೇ ಅಂತಾನೇ ಕರೆಯೋದು, ನನ್ನ ಮೂರನೇ ಮಹಡಿ ಫ್ಲಾಟಿಗೆ ಬರಲ್ಲ ಅಂದ್ರೆ ಬರಲ್ಲ. ಸರಿ, ಊರಲ್ಲೇ ಏನಾದ್ರೂ ವ್ಯವಸ್ಥೆ ಮಾಡೋಣ ಅಂತ ಒಂದಾದ್ಮೇಲೊಂದು ಮೂರು ದಾರಿ ನೋಡಿದ್ವಿ.

ಮೊದಲು ಏಜೆನ್ಸಿ ಕಡೆಯಿಂದ ಹೋಂ ನರ್ಸ್. ತಿಂಗಳಿಗೆ 21,000, ರಿಜಿಸ್ಟ್ರೇಷನ್ ಅಂತ 5,000 ಬೇರೆ, ಊಟ ತಿಂಡಿ ನಮ್ಮದು. ನರ್ಸ್ ಅಂದ ಮಾತ್ರಕ್ಕೆ ನರ್ಸಿಂಗ್ ಓದಿರ್ತಾರೆ ಅಂದ್ಕೋಬೇಡಿ, ನಮಗೆ ಬಂದ ಹುಡುಗಂಗೆ ಬಿಪಿ ನೋಡೋದನ್ನ ತಂಗಿನೇ ಹೇಳ್ಕೊಟ್ಲು. ಹುಡುಗ ಒಳ್ಳೆಯವನೇ, ಸುಳ್ಳು ಹೇಳಬಾರದು, ತಾತ ತಾತ ಅಂತ ಪ್ರೀತಿಯಿಂದಾನೇ ನೋಡ್ಕೊಂಡ. ಆದ್ರೆ ಎಲ್ಲಾನೂ ಅವನೇ ಮಾಡ್ಬಿಡೋನು, ಅನ್ನ ಕಲಸಿ ಬಾಯಿಗಿಡೋದು, ಶರ್ಟ್ ಹಾಕೋದು, ಬಚ್ಚಲಿಗೆ ನಡೆಸ್ಕೊಂಡು ಹೋಗೋಕೆ ಇಪ್ಪತ್ತು ನಿಮಿಷ ಆಗುತ್ತೆ ಅಂತ ಡೈಪರ್ ಹಾಕಿಬಿಡೋದು. ಬಲಗೈ ಚೆನ್ನಾಗೇ ಇರೋ ಅಪ್ಪ ಎರಡು ತಿಂಗಳಲ್ಲಿ ಚಮಚ ಹಿಡಿಯೋದೂ ಬಿಟ್ರು. ಸ್ಟ್ರೋಕ್ ಆದ್ಮೇಲೆ ಮೊದಲ ಮೂರರಿಂದ ಆರು ತಿಂಗಳಲ್ಲೇ ಜಾಸ್ತಿ ಸುಧಾರಣೆ ಆಗೋದು, ಆಗ ಕೈ ಕಾಲು ಬಳಸದೆ ಸುಮ್ನೆ ಬಿಟ್ರೆ ಆಮೇಲೆ ಅಷ್ಟು ಸುಲಭಕ್ಕೆ ವಾಪಸ್ ಬರಲ್ಲ ಅಂತ ಫಿಸಿಯೋ ಹೇಳಿದ್ದು ನಮಗೆ ಮೇ ತಿಂಗಳಲ್ಲಿ. ಅಷ್ಟೊತ್ತಿಗೆ ಆ ಹುಡುಗ ಊರಿಗೆ ಹೋಗಿ ಅವನ ಜಾಗಕ್ಕೆ ಇನ್ನೊಬ್ಬ ಬಂದು ಅವನೂ ಹೋಗಿ ಮೂರನೆಯವನು ಬಂದಿದ್ದ, ಅಪ್ಪಂಗೆ ಹೆಸರೇ ನೆನಪಿರ್ತಿರ್ಲಿಲ್ಲ.

ಎರಡನೇದು ಟೌನಲ್ಲಿರೋ ಒಂದು ವೃದ್ಧಾಶ್ರಮ, ಮಳೆಗಾಲ ಕಳೆಯೋವರೆಗೆ ಅಂತ ಸೇರಿಸಿದ್ದು, ತಿಂಗಳಿಗೆ 15,000. ಕ್ಲೀನ್ ಇತ್ತು, ಊಟ ಪರವಾಗಿಲ್ಲ, ಜೊತೆಗೆ ಮಾತಾಡೋಕೆ ಜನ. ಆದ್ರೆ ಸಂಜೆ ಏಳಕ್ಕೆ ಊಟ, ಏಳೂವರೆಗೆ ಲೈಟ್ ಆಫ್. ಮೂರನೇ ವಾರ ಹೋದಾಗ "ಕರ್ಕೊಂಡ್ ಹೋಗೋ ಮಾರಾಯ, ಇಲ್ಲಿ ಕಾಫಿಗೆ ಚಿಕೋರಿ ಜಾಸ್ತಿ" ಅಂದ್ರು. ಅಷ್ಟೇ ಕಾರಣ ಕೊಟ್ಟಿದ್ದು. ಕರ್ಕೊಂಡ್ ಬಂದೆ.

ಮೂರನೇದನ್ನ ವ್ಯವಸ್ಥೆ ಅನ್ನೋಕೂ ಆಗಲ್ಲ, ಚೂರು ಪಾರು ಎಲ್ಲಾ ಸೇರಿಸಿದ ಕಲಸುಮೇಲೋಗರ. ಪಕ್ಕದ ಮನೆ ಅಕ್ಕ ಮೊದಲು ಎಸ್ಟೇಟಲ್ಲಿ ಕೆಲಸ ಮಾಡ್ತಿದ್ರು, ಅಪ್ಪ ಬರೀತಿದ್ದ ಚೆಕ್‌ರೋಲಲ್ಲೇ, ಅಂದ್ರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಅವರ ಹೆಸರಿತ್ತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ, ತಿಂಗಳಿಗೆ 7,000. ಅವ್ರಿಗೆ ಮನೇಲಿ ಬೇರೆ ಕೆಲಸ ಇದೆ, ಹಾಗಾಗಿ ಅಪ್ಪಂಗೆ ತುತ್ತು ಕೊಡ್ತಾ ಕೂರೋಕೆ ಪುರುಸೊತ್ತಿಲ್ಲ, ತಟ್ಟೆ ಮುಂದಿಟ್ಟು "ತಿನ್ನಿ ರೈಟ್ರೇ, ಬರ್ತೀನಿ" ಅಂತ ಹೊರಟೇಬಿಡ್ತಾರೆ. ಮೊದಲ ವಾರ ನಂಗೆ ಸಿಟ್ಟೇ ಬಂದಿತ್ತು. ಆಮೇಲೆ ನೋಡಿದ್ರೆ ಅಕ್ಕಿ ರೊಟ್ಟಿನ ಒಂದೇ ಕೈಲಿ ಮುರಿದು ತಿನ್ನೋದನ್ನ ಅಪ್ಪ ತಾವೇ ಕಲ್ತಿದ್ರು. ಬಚ್ಚಲಲ್ಲಿ ಗೋಡೆಗೆ ಸ್ಟೀಲ್ ರಾಡ್ ಎರಡು, ಕೂತು ಸ್ನಾನ ಮಾಡೋಕೆ ಪ್ಲಾಸ್ಟಿಕ್ ಚೇರು, ಹೊಸ್ತಿಲ ಹತ್ರ ಸಣ್ಣ ಸಿಮೆಂಟ್ ಇಳಿಜಾರು, ಇಷ್ಟಕ್ಕೆ ಒಟ್ಟು ಆಗಿದ್ದು ಹೋಂ ನರ್ಸಿನ ಅರ್ಧ ತಿಂಗಳ ಸಂಬಳ. ಇದನ್ನ ಮೊದಲನೇ ದಿನಾನೇ ಮಾಡಿಸ್ಬೇಕಿತ್ತು.

ಪಂಚಾಯ್ತಿಲಿ ವಿಆರ್‌ಡಬ್ಲ್ಯು ಅಂತ ಇರ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಹೆಚ್ಚಿನೋರು ಸ್ವತಃ ಅಂಗವಿಕಲರೇ. ಇಂಥೋರು ಒಬ್ಬರಿದ್ದಾರೆ ಅಂತಾನೇ ನಂಗೆ ಗೊತ್ತಿರಲಿಲ್ಲ. ಯುಡಿಐಡಿ ಕಾರ್ಡಿಗೆ, ಅಂದ್ರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿಸಿ, ಜಿಲ್ಲಾಸ್ಪತ್ರೆಲಿ ಡಾಕ್ಟ್ರು ನೋಡೋ ದಿನ ಯಾವುದು, ಏನೇನು ಜೆರಾಕ್ಸ್ ಬೇಕು ಎಲ್ಲಾ ಹೇಳಿದ್ದು ಅವರೇ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಮೇಲೆ ಬಂದ್ರೆ ಹೆಚ್ಚಿನ ಸವಲತ್ತುಗಳ ಬಾಗಿಲು ತೆಗೆಯುತ್ತೆ, ಅಪ್ಪಂಗೆ ಬಂತು. ಹಿರಿಯರ ಸಹಾಯವಾಣಿ 14567 ಎಲ್ಡರ್‌ಲೈನಿಗೂ ಒಂದ್ಸಲ ಫೋನ್ ಮಾಡಿದ್ದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಫ್ರೀ ಕಾಲ್. ಮಾಹಿತಿ, ಕಾನೂನು ಸಲಹೆ, ಮಕ್ಕಳು ಹೊರಗೆ ಹಾಕಿದ್ರೆ ಏನು ಮಾಡ್ಬೇಕು ಇಂಥದ್ದಕ್ಕೆಲ್ಲ ಒಳ್ಳೇದು, ಮನೇಲಿ ನೋಡ್ಕೊಳ್ಳೋ ಜನ ಬೇಕು ಅಂದ್ರೆ ಅದು ಬೇರೆ ವಿಷಯ.

ಇನ್ನೊಂದು ಸಣ್ಣ ಹೋಲಿಕೆ, ಪಿಎಫ್ ಪೆನ್ಷನ್ ಬರೋರ ಮನೇಲಿ ಉಪಯೋಗಕ್ಕೆ ಬರಬಹುದು. ಬದುಕಿದ್ದೀನಿ ಅಂತ ವರ್ಷಕ್ಕೊಂದು ಜೀವನ ಪ್ರಮಾಣ ಪತ್ರ ಕೊಡ್ಬೇಕಲ್ಲ, ಒಂದು ಸೈಬರ್ ಸೆಂಟರಿಗೆ ಆಟೋ ಮಾಡ್ಕೊಂಡು ಹೋದ್ವಿ, ಹೆಬ್ಬೆಟ್ಟು ಎಂಟು ಸಲ ಒತ್ತಿದ್ರೂ ಮೆಷಿನ್ ತಗೊಳ್ಲಿಲ್ಲ, ವಯಸ್ಸಾದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತೆ. ಮುಂದಿನ ವರ್ಷ ಪೋಸ್ಟ್‌ಮ್ಯಾನ್‌ನೇ ಮನೆಗೆ ಕರೆಸಿದ್ವಿ, ಆಗ 70 ರೂಪಾಯಿ ತಗೊಂಡ್ರು, ಜಗಲಿಲಿ ಕೂತು ಐದು ನಿಮಿಷದಲ್ಲಿ ಮುಗೀತು. ಮೊಬೈಲಲ್ಲಿ ಮುಖ ತೋರಿಸಿ ಮಾಡೋ ಆ್ಯಪ್ 2021ರಿಂದಾನೇ ಇದೆ, ಅದನ್ನೂ ಮಾಡಿ ನೋಡಿದೆ, ಆಯ್ತು, ಆದ್ರೆ ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ಅಂಗಳದ ಮೂಲೆಲಿ ಮಾತ್ರ. ನನ್ನ ವೋಟು ಪೋಸ್ಟ್‌ಮ್ಯಾನಿಗೆ. ಪಿಎಫ್ ಪೆನ್ಷನ್ನಿನೋರು ನವೆಂಬರಲ್ಲೇ ಕೊಡ್ಬೇಕು ಅಂತಿಲ್ಲ, ಯಾವಾಗ ಕೊಟ್ರೂ ಅಲ್ಲಿಂದ ಒಂದು ವರ್ಷ ನಡೆಯುತ್ತೆ, ಮಳೆ ಬಿಟ್ಟ ಮೇಲೆ ಮಾಡ್ಸಿ.

ವೋಟು ಅಂದಾಗ ನೆನಪಾಯ್ತು. 2024ರ ಲೋಕಸಭೆ ಎಲೆಕ್ಷನ್ನಲ್ಲಿ 85 ದಾಟಿದೋರಿಗೂ ಶೇ 40 ಅಂಗವೈಕಲ್ಯ ಇರೋರಿಗೂ ಮನೆಯಿಂದಾನೇ ವೋಟ್ ಹಾಕೋ ಅವಕಾಶ ಇತ್ತು. ಅಪ್ಪ ಬೇಡ ಅಂದ್ರು. ಏಪ್ರಿಲ್ 26ಕ್ಕೆ ವಾಕರ್ ಹಿಡ್ಕೊಂಡು ಸ್ಕೂಲಿನ ಬೂತಿಗೆ ನಡ್ಕೊಂಡೇ ಹೋದ್ರು, ಇನ್ನೂರು ಮೀಟರಿಗೆ ಅರ್ಧ ಗಂಟೆ, ದಾರೀಲಿ ಸಿಕ್ಕೋರ ಹತ್ರ ಮಾತಾಡಿದ್ದೇ ಹತ್ತು ನಿಮಿಷ ಅಂತೆ. ಹೋಂ ನರ್ಸ್ ಕಾಲದಲ್ಲಿ ಇದೇ ಮನುಷ್ಯ ಮಂಚದಿಂದ ಇಳೀತಿರ್ಲಿಲ್ಲ.

ಹಾಗಂತ ಎಲ್ಲರಿಗೂ ಮೂರನೇದೇ ಸರಿ ಅಂತ ಹೇಳಲ್ಲ. ಪೂರ್ತಿ ಹಾಸಿಗೆ ಹಿಡಿದೋರಿಗೆ, ಮರೆವು ಜಾಸ್ತಿ ಆಗಿ ಗ್ಯಾಸ್ ಹಚ್ಚಿ ಹಾಗೇ ಬಿಡೋರಿಗೆ ಹೋಂ ನರ್ಸೋ ಆಶ್ರಮವೋ ಬೇಕೇ ಬೇಕು. ಖರ್ಚು ಫಿಸಿಯೋ ಎಲ್ಲಾ ಸೇರಿ ನಮಗೆ 11,000 ಆಸುಪಾಸು ಬರುತ್ತೆ, ಆದ್ರೆ ತಂಗಿ ಎರಡು ವಾರಕ್ಕೊಂದ್ಸಲ ಬರ್ತಾಳಲ್ಲ, ಅವಳ ಬಸ್ ಚಾರ್ಜು ಶಕ್ತಿ ಯೋಜನೆಲಿ ಫ್ರೀ ಆದ್ರೂ ಅವಳ ಭಾನುವಾರಕ್ಕೆ ಲೆಕ್ಕ ಇಟ್ಟೋರಿಲ್ಲ.

ಬಗೆಹರಿಯದೆ ಉಳಿದಿರೋದು ರಾತ್ರಿ. ಸಂಜೆ ಏಳಕ್ಕೆ ಅಕ್ಕ ಹೋದ್ರೆ ಬೆಳಿಗ್ಗೆ ಏಳರವರೆಗೆ ಅಪ್ಪ ಒಬ್ರೇ. ಇನ್ನೊಂದು ಸ್ಟ್ರೋಕ್ ಆದ್ರೆ ರಕ್ತದ ಗಂಟು ಕರಗಿಸೋ ಇಂಜೆಕ್ಷನ್ನು ನಾಲ್ಕೂವರೆ ಗಂಟೆ ಒಳಗೆ ಬೀಳ್ಬೇಕು, 108 ಕರೆಯೋಕೆ ಮೊದಲು ಯಾರಿಗಾದ್ರೂ ಗೊತ್ತಾಗ್ಬೇಕಲ್ಲ. ಮಂಚದ ಪಕ್ಕ ಒಂದು ವೈರ್‌ಲೆಸ್ ಬೆಲ್ ಹಾಕ್ಸಿದ್ದೀವಿ, ಅದು ಅಕ್ಕನ ಮನೇಲಿ ಹೊಡೆಯುತ್ತೆ, ಕರೆಂಟ್ ಇದ್ರೆ. ಜುಲೈಲಿ ಇಲ್ಲಿ ಮೂರು ಮೂರು ದಿನ ಕರೆಂಟ್ ಇರಲ್ಲ. ಎರಡೂ ಕಡೆ ಬ್ಯಾಟರಿ ಮೇಲೇ ನಡೆಯೋ ಬೆಲ್ ಯಾರಾದ್ರೂ ಬಳಸಿದ್ರೆ ಹೇಳಿ.