ಬೈಲಕುಪ್ಪೆಗೆ ಹೋದರೆ ನಾಮ್‌ಡ್ರೋಲಿಂಗೋ, ಸೆರಾವೋ?

ಕಾಸರಗೋಡಿನಿಂದ ಹೊರಡುವ ಒಂದು ದಿನದ ಪ್ರವಾಸದ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಅಬ್ಬಿ ಜಲಪಾತ, ರಾಜಾಸೀಟು, ದುಬಾರೆ, ನಿಸರ್ಗಧಾಮ, ಕೊನೆಗೆ ಬೈಲಕುಪ್ಪೆಯ ‘ಗೋಲ್ಡನ್ ಟೆಂಪಲ್’, ಅಂದರೆ ನಾಮ್‌ಡ್ರೋಲಿಂಗ್ ಎಂಬ ಟಿಬೆಟಿಯನ್ ಬೌದ್ಧ ಮಠ. ಅಷ್ಟು ಹೊತ್ತಿಗೆ ಮಕ್ಕಳು ನಿದ್ದೆಗಣ್ಣಲ್ಲಿ, ಡ್ರೈವರು ಅವಸರದಲ್ಲಿ. ಆ ಮಠವನ್ನೋ ಅಲ್ಲೇ ಇರುವ ಸೆರಾ ಮಠವನ್ನೋ ನೋಡುವ ಆಸೆಯಿದ್ದರೆ ಮೊದಲು ಅಲ್ಲಿಗೇ ಹೋಗಿ, ಉಳಿದದ್ದನ್ನು ಹಿಂದಿರುಗುವಾಗ ಹೊತ್ತಿದ್ದಷ್ಟು ನೋಡುವುದು ಲೇಸು.

ದಾರಿ ಎರಡು. ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ: ಸುಮಾರು 150 ಕಿ.ಮೀ., ಕಾರಿಗೆ ನಾಲ್ಕು ಗಂಟೆ. ಪೆಟ್ರೋಲು ಗಡಿ ದಾಟಿದ ಮೇಲೆ ತುಂಬಿಸುವುದು ನಮ್ಮವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಹೊಸದುರ್ಗದ (ಕಾಞಂಗಾಡಿನ) ಕಡೆಯವರಿಗೆ ಪಾಣತ್ತೂರು, ಕರಿಕೆ, ಭಾಗಮಂಡಲದ ದಾರಿ ನಕ್ಷೆಯಲ್ಲಿ ಹತ್ತಿರವೆನಿಸುತ್ತದೆ. ಆದರೆ ಕರಿಕೆಯಿಂದಾಚೆ ಕಾಡಿನ ನಡುವೆ ಸಪೂರ ರಸ್ತೆ. ಎದುರಿಗೆ ಜೀಪು ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಲೇಬೇಕು. ತಲಕಾವೇರಿಯೂ ಬೇಕೆನ್ನುವವರು ಮಾತ್ರ, ಅದೂ ಹಗಲಲ್ಲಿ, ಇದನ್ನು ಹಿಡಿಯಲಿ. ಮಳೆಗಾಲದಲ್ಲಿ ಎರಡೂ ಘಾಟಿಗಳನ್ನು ನಂಬುವಂತಿಲ್ಲ: 2018ರ ಆಗಸ್ಟ್‌ನಲ್ಲಿ ಸಂಪಾಜೆ ದಾರಿಯ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡ ಕುಸಿದಿತ್ತು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ.

ಬೆಟ್ಟದ ಮೇಲಿನ ಮಠವನ್ನು ಕಲ್ಪಿಸಿಕೊಂಡು ಹೋದವರಿಗೆ ಬೈಲಕುಪ್ಪೆಯಲ್ಲಿ ನಿರಾಸೆ. ಬೆಟ್ಟವೆಲ್ಲ ದಾರಿಯಲ್ಲೇ ಮುಗಿದಿರುತ್ತದೆ. ಕುಶಾಲನಗರದ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಜೋಳದ ಹೊಲಗಳ ಬಯಲು. 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರಿಗೆ ಕೊಟ್ಟ ನೆಲ ಇದು.

ನಾಮ್‌ಡ್ರೋಲಿಂಗ್ ಅನ್ನು ಪೆನೋರ್ ರಿನ್‌ಪೋಚೆ 1963ರಲ್ಲಿ ಕಟ್ಟಿದರು, ಟಿಬೆಟಿನ ಬೌದ್ಧರ ಅತಿ ಹಳೆಯ ಪಂಗಡವಾದ ಞಿಂಗ್ಮಾ ಪರಂಪರೆಯದು. ಚಿನ್ನದ ದೇಗುಲ 1999ರದ್ದು. ಒಳಗೆ ನಡುವೆ 60 ಅಡಿಯ ಶಾಕ್ಯಮುನಿ (ಗೌತಮ ಬುದ್ಧ), ಅಕ್ಕಪಕ್ಕ 58 ಅಡಿಯ ಪದ್ಮಸಂಭವ (ಟಿಬೆಟಿಗೆ ಬೌದ್ಧಧರ್ಮ ಒಯ್ದ ಗುರು) ಮತ್ತು ಅಮಿತಾಯು. ಮೂರೂ ಬುದ್ಧನೇ ಎಂದುಕೊಂಡು ಹೊರಬರುವವರೇ ಹೆಚ್ಚು. ಕೈ ನೋಡಿ: ಭಿಕ್ಷಾಪಾತ್ರೆ ಹಿಡಿದು ಬಲಗೈಯಲ್ಲಿ ನೆಲ ಮುಟ್ಟುವವನು ಶಾಕ್ಯಮುನಿ, ವಜ್ರಾಯುಧ ಹಿಡಿದವನು ಪದ್ಮಸಂಭವ, ಮಡಿಲಲ್ಲಿ ಕಲಶವಿರುವವನು ದೀರ್ಘಾಯುಷ್ಯದ ಅಮಿತಾಯು. ಪ್ರವೇಶಕ್ಕೆ ಹಣವಿಲ್ಲ. ಹತ್ತು ಗಂಟೆಯೊಳಗೆ ತಲುಪಿದರೆ ನೆಮ್ಮದಿ; ಭಾನುವಾರ ಮಧ್ಯಾಹ್ನ ಸೆಲ್ಫಿಯವರ ಬೆನ್ನು ಮಾತ್ರ ಕಾಣುತ್ತದೆ. ಚಪ್ಪಲಿ ಹೊರಗೆ ಬಿಡಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ನೆಲ ಕಾದಿರುತ್ತದೆ, ಕಾಲುಚೀಲ ಒಯ್ಯಿರಿ. ಪ್ರದಕ್ಷಿಣೆ ನಮ್ಮ ದೇವಸ್ಥಾನದಂತೆಯೇ ಬಲಬದಿಗೆ. ಪ್ರಾರ್ಥನಾ ಚಕ್ರಗಳನ್ನೂ ಅದೇ ದಿಕ್ಕಿಗೆ ತಿರುಗಿಸಬೇಕು.

ಸೆರಾ ಇಲ್ಲಿಂದ ಆಟೋದಲ್ಲಿ ಕೆಲವೇ ನಿಮಿಷ. ಲ್ಹಾಸಾದ ಬಳಿ 1419ರಲ್ಲಿ ಹುಟ್ಟಿದ, ದಲೈ ಲಾಮಾರ ಪಂಗಡವಾದ ಗೆಲುಗ್‌ನ ವಿದ್ಯಾಪೀಠದ ಮರುಸ್ಥಾಪನೆ. ಸೆರಾ ಜೇ, ಸೆರಾ ಮೇ ಎಂದು ಎರಡು ಕಾಲೇಜು. ಕಣ್ಣು ಕುಕ್ಕುವ ವಿಗ್ರಹಕ್ಕಾಗಿ ಬಂದರೆ ನಾಮ್‌ಡ್ರೋಲಿಂಗ್ ಮುಂದೆ ಇದು ಸಪ್ಪೆ. ಇಲ್ಲಿನ ಸೊಗಸು ಭಿಕ್ಷುಗಳ ಶಾಸ್ತ್ರ ವಾಗ್ವಾದ. ಉತ್ತರಿಸುವವನು ಕುಳಿತಿರುತ್ತಾನೆ, ಪ್ರಶ್ನಿಸುವವನು ನಿಂತು, ಎಡಗಾಲು ಅಪ್ಪಳಿಸಿ, ಅಂಗೈಗೆ ಅಂಗೈ ಬಡಿದು ಕೇಳುತ್ತಾನೆ. ತಾಳಮದ್ದಳೆ ಕೇಳಿ ಬೆಳೆದ ಕುಂಬಳೆ ಸೀಮೆಯವರಿಗೆ ಭಾಷೆ ಬಾರದಿದ್ದರೂ ಯಾರು ಸಿಕ್ಕಿಬಿದ್ದರೆಂದು ಗೊತ್ತಾಗುತ್ತದೆ. ಪರೀಕ್ಷೆ, ರಜೆಯ ದಿನಗಳಲ್ಲಿ ಅಂಗಳ ಖಾಲಿ, ಹಾಗಾಗಿ ಬೆಳಗ್ಗೆಯೇ ಮಠದಲ್ಲಿ ವಿಚಾರಿಸಿಕೊಳ್ಳಿ. ಸಂಜೆಯ ವಾದ ನೋಡಿ ಅದೇ ರಾತ್ರಿ ಮಂಜಿನ ಘಾಟಿ ಇಳಿಯುವುದು ಬೇಡ, ಕುಶಾಲನಗರದಲ್ಲಿ ಉಳಿಯಿರಿ.

ಆದ್ದರಿಂದ ಮಕ್ಕಳು, ಮೊದಲ ಭೇಟಿ, ಒಂದೇ ಹಗಲು ಎಂದರೆ ನಾಮ್‌ಡ್ರೋಲಿಂಗ್. ಒಂದು ರಾತ್ರಿ ಕೈಯಲ್ಲಿದ್ದರೆ ಸೆರಾ ತಪ್ಪಿಸಬಾರದು. ತಶಿ ಲ್ಹುನ್‌ಪೋ ಮಠವೂ ಅಲ್ಲೇ ಇದೆ; ದಲೈ ಲಾಮಾರ ನಂತರದ ಹಿರಿಯ ಗುರುವಾದ ಪಂಚೆನ್ ಲಾಮಾರ ಪರಂಪರೆಯಲ್ಲಿ ಆಸಕ್ತಿ ಇಲ್ಲದವರು ಬಿಟ್ಟರೂ ನಷ್ಟವಿಲ್ಲ.

ಗಲ್ಫಿನಿಂದ ಬಂದ ವಿದೇಶಿ ಗೆಳೆಯರು ಜೊತೆಗಿದ್ದರೆ, ಬೈಲಕುಪ್ಪೆಯೊಳಗೆ ರಾತ್ರಿ ತಂಗಲು ಅವರಿಗೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು; ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಸಸ್ಯಾಹಾರಿಗಳು ಮೊಮೊದ ಹೂರಣವನ್ನಷ್ಟೇ ಕೇಳಿ ಸುಮ್ಮನಾಗಬಾರದು. ತುಕ್ಪಾದಲ್ಲಿ (ನೂಡಲ್ಸ್ ಸಾರು) ಮೇಲೆ ತರಕಾರಿ ತೇಲುತ್ತಿದ್ದರೂ ಸಾರು ಮೂಳೆಯದ್ದಿರಬಹುದು.

ಇಷ್ಟು ದೂರ ಆಗದವರಿಗೆ ಮಂಗಳೂರಿನ ಕದ್ರಿ ಗುಡ್ಡವಿದೆ. ಆಳುಪ ದೊರೆ ಕುಂದವರ್ಮ 968ರಲ್ಲಿ ಸ್ಥಾಪಿಸಿದ, ಬೌದ್ಧರ ಲೋಕೇಶ್ವರನ ಕಂಚಿನ ವಿಗ್ರಹ ಮಂಜುನಾಥನ ಗುಡಿಯಲ್ಲೇ ಇದೆ. ಪೀಠದ ಶಾಸನ ಆ ಜಾಗವನ್ನು ‘ಕದರಿಕಾ ವಿಹಾರ’ (ವಿಹಾರವೆಂದರೆ ಬೌದ್ಧ ಮಠ) ಎನ್ನುತ್ತದೆ. ಬೆಳಗಿನ ರೈಲಿಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆ.