ಸಿಹಿ ಡಬ್ಬಿಯ ಲೇಬಲ್‌ಗೆ ಯಾವ ಕನ್ನಡ ಫಾಂಟ್?

ನಮ್ಮ ಸಿಹಿತಿಂಡಿಗಳಿಗೆ ಬೀಳುವ ಸಾಮಾನುಗಳ ಪಟ್ಟಿಯನ್ನು ಒಮ್ಮೆ ಬರೆದು ನೋಡಿ. ಸಕ್ಕರೆ, ಬೆಲ್ಲ, ತುಪ್ಪ, ಹಿಟ್ಟು, ಏಲಕ್ಕಿ, ದ್ರಾಕ್ಷಿ, ಕೊಬ್ಬರಿ. ಒತ್ತಕ್ಷರ ಇಲ್ಲದ ಪದವೇ ಇಲ್ಲ. ತಿಂಡಿಗಳ ಹೆಸರೂ ಹಾಗೇ: ಒಬ್ಬಟ್ಟು, ಲಡ್ಡು, ಚಿಕ್ಕಿ, ಕಜ್ಜಾಯ, ಬರ್ಫಿ. ಒಂದು ಕನ್ನಡ ಫಾಂಟ್ ಎಷ್ಟು ಗಟ್ಟಿ ಅಂತ ತಿಳಿಯೋಕೆ ಸಿಹಿ ಡಬ್ಬಿಯ ಲೇಬಲ್ ಒಂದು ಸಾಕು ಅನ್ನುವುದು ನನ್ನ ನಂಬಿಕೆ. ಮುಚ್ಚಳದ ಮೇಲೆ ಹೆಸರು ದೊಡ್ಡದಾಗಿ ಬರಬೇಕು, ಅದರ ಕೆಳಗೆ ಸಾಮಾನುಗಳ ಪಟ್ಟಿ ಸಣ್ಣದಾಗಿ. ದೊಡ್ಡದರಲ್ಲಿ ಚೆಂದ, ಸಣ್ಣದರಲ್ಲಿ ಸ್ಪಷ್ಟ, ಎರಡೂ ಬೇಕು.

ಹಬ್ಬಕ್ಕೆ ಮಾಡಿದ ಸಿಹಿಯನ್ನು ನೆಂಟರಿಷ್ಟರಿಗೆ ಕಳಿಸುವಾಗ ಡಬ್ಬಿಗೆ ಲೇಬಲ್ ಮಾಡುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ಅದಕ್ಕೆ ಬಳಸುವುದು ಅಂಗೈಯಲ್ಲಿ ಹಿಡಿಯುವಂಥ ಥರ್ಮಲ್ ಲೇಬಲ್ ಪ್ರಿಂಟರ್. ಇಂಕ್ ಬೇಡ, ಬ್ಲೂಟೂತ್‌ನಲ್ಲಿ ಫೋನಿಂದಲೇ ಪ್ರಿಂಟ್ ಕೊಡಬಹುದು. ಆದರೆ ಫಾಂಟ್‌ಗಳ ಪಾಲಿಗೆ ಇದು ಬಹಳ ಕಟ್ಟುನಿಟ್ಟಿನ ಯಂತ್ರ. ಇದರ ರೆಸಲ್ಯೂಶನ್ 203 ಡಿಪಿಐ, ಅಂದರೆ ಒಂದು ಮಿಲಿಮೀಟರಿಗೆ 8 ಚುಕ್ಕಿ. ಚುಕ್ಕಿ ಕಪ್ಪಾಗುತ್ತದೆ ಇಲ್ಲವೇ ಬಿಳಿಯಾಗಿ ಉಳಿಯುತ್ತದೆ, ನಡುವಿನ ಬೂದು ಬಣ್ಣ ಇಲ್ಲವೇ ಇಲ್ಲ. 8 ಪಾಯಿಂಟ್ ಅಕ್ಷರಕ್ಕೆ ಒತ್ತು, ಗುಡಿಸು ಎಲ್ಲಾ ಸೇರಿ ಮೇಲಿಂದ ಕೆಳಗೆ ಸಿಗುವುದು ಸುಮಾರು 22 ಚುಕ್ಕಿ. ಅದರಲ್ಲಿ ಮೂಲ ಅಕ್ಷರಕ್ಕೆ ಹನ್ನೊಂದೋ ಹನ್ನೆರಡೋ. ಕೆಳಗಿನ ಒತ್ತಿಗೆ ಉಳಿಯುವುದು ಬರೀ ಆರೇಳು. ಅಷ್ಟರಲ್ಲಿ ‘ಟ’ದ ಒತ್ತು ‘ಟ’ದ ಒತ್ತಾಗಿಯೇ ಕಾಣಬೇಕು.

ಹೋಲಿಸಲು ಆರಿಸಿಕೊಂಡಿದ್ದು ಐದು ಫಾಂಟ್: ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ಟಿರೋ ಕನ್ನಡ, ಹುಬ್ಬಳ್ಳಿ. ಐದೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಐದೂ ಓಪನ್ ಫಾಂಟ್ ಲೈಸನ್ಸ್ ಅಡಿಯಲ್ಲಿವೆ, ಹಾಗಾಗಿ ಮಾರಾಟದ ಡಬ್ಬಿಯ ಮೇಲೂ ಧೈರ್ಯವಾಗಿ ಹಾಕಬಹುದು. ವಿಂಡೋಸ್‌ನ ತುಂಗಾ, ನಿರ್ಮಲಾ ಯುಐ ಫಾಂಟ್‌ಗಳನ್ನು ಸೇರಿಸಿಲ್ಲ. ಅವುಗಳ ಲೈಸನ್ಸೇ ಬೇರೆ.

ಒಂದು ಎಚ್ಚರ ಮೊದಲೇ ಹೇಳಬೇಕು. ಎಲ್ಲಾ ಫಾಂಟಿಗೂ 8 ಪಾಯಿಂಟ್ ಅಂತ ಕೊಟ್ಟರೆ ಹೋಲಿಕೆ ಸರಿಯಾಗುವುದಿಲ್ಲ. ಒಂದೇ ಸೈಜಿನಲ್ಲಿ ಒಂದು ಫಾಂಟ್ ದೊಡ್ಡದಾಗಿ ಕಾಣುತ್ತದೆ, ಇನ್ನೊಂದು ಚಿಕ್ಕದಾಗಿ. ಅದಕ್ಕೇ ‘ಕ’ ಅಕ್ಷರದ ಎತ್ತರ ಎಲ್ಲದರಲ್ಲೂ ಸಮ ಬರುವಂತೆ ಹೊಂದಿಸಿಕೊಂಡು ಆಮೇಲೆ ಪ್ರಿಂಟ್ ತೆಗೆದೆ.

ಪರೀಕ್ಷೆಗೆ ಇಟ್ಟುಕೊಂಡ ಪದಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ತೀರ್ಪು ನಿಂತಿರುವುದು ಇವುಗಳ ಮೇಲೆ. ಮೊದಲನೆಯದು ‘ಬರ್ಫಿ’. ಇಲ್ಲಿ ‘ಫ’ಕ್ಕೆ ಹೊಟ್ಟೆ ಸೀಳಿರಬೇಕು, ಮೇಲೆ ಗುಡಿಸು, ಪಕ್ಕದಲ್ಲಿ ಅರ್ಕಾವೊತ್ತು. ಸೀಳು ಮುಚ್ಚಿಕೊಂಡರೆ ಅದು ‘ಬರ್ಪಿ’. ಎರಡನೆಯದು ‘ಒಬ್ಬಟ್ಟು’. ‘ಟ್ಟು’ವಿನಲ್ಲಿ ಕೊಂಬು ಬಲಕ್ಕೆ ಇಳಿಯುತ್ತದೆ, ಒತ್ತೂ ಬಲಗೆಳಗೇ ಬಂದು ಕೂರುತ್ತದೆ. ಇಬ್ಬರಿಗೂ ಬೇಕಾಗಿರುವುದು ಅದೇ ಜಾಗ. ಈ ಜಗಳವನ್ನು ಫಾಂಟ್ ಹೇಗೆ ಬಿಡಿಸುತ್ತದೆ ಅನ್ನುವುದರಲ್ಲೇ ಮಾಡಿದವರ ಕೈ ತಿಳಿಯುತ್ತದೆ. ಮೂರನೆಯದು ‘ಮಾವು’. ‘ಮ’ ಮತ್ತು ‘ವು’ ಸಣ್ಣ ಸೈಜಿನಲ್ಲಿ ಒಂದೇ ಥರ ಕಾಣಿಸಿಬಿಡುತ್ತವೆ, ಅಲ್ವಾ? ಕೊನೆಗೆ ‘ಖರ್ಜೂರ’ ಮತ್ತು ‘ದ್ರಾಕ್ಷಿ’.

ನೋಟೋ ಸ್ಯಾನ್ಸ್ ಕನ್ನಡದಿಂದ ಶುರು ಮಾಡೋಣ. ಜಗತ್ತಿನ ಎಲ್ಲಾ ಲಿಪಿಗಳೂ ಪರದೆಯ ಮೇಲೆ ಖಾಲಿ ಚೌಕಗಳಾಗದೆ ಮೂಡಬೇಕು ಅಂತ ಗೂಗಲ್ ಮಾಡಿಸಿದ ದೊಡ್ಡ ಕುಟುಂಬದ್ದು ಇದು. ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ ಒಂಬತ್ತು ತೂಕಗಳಿವೆ, ಅಂದರೆ ಗೆರೆಯ ದಪ್ಪದ ಒಂಬತ್ತು ಹಂತಗಳು. ಸಣ್ಣ ಅಕ್ಷರದಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ‘ಬರ್ಫಿ’ಯ ಸೀಳು ತೆರೆದೇ ಇತ್ತು. ‘ದ್ರಾಕ್ಷಿ’ಯಲ್ಲಿ ರಕಾರದ ಒತ್ತು ದೀರ್ಘಕ್ಕೆ ತಾಗಲಿಲ್ಲ. ‘ಮಾವು’ ಸಲೀಸಾಗಿ ಓದಿಸಿಕೊಂಡಿತು. ಅಕ್ಷರಗಳ ಒಳಗಿನ ಜಾಗ ವಿಶಾಲ, ಗೆರೆಯ ದಪ್ಪದಲ್ಲಿ ಏರಿಳಿತ ಕಡಿಮೆ. ಥರ್ಮಲ್ ಪ್ರಿಂಟರಿಗೆ ಬೇಕಾಗಿರುವುದೂ ಅದೇ. ಆದರೆ ಮುಚ್ಚಳದ ಮೇಲೆ ದೊಡ್ಡದಾಗಿ ಹಾಕಿದರೆ ಮನಸ್ಸು ತುಂಬುವುದಿಲ್ಲ. ಎಲ್ಲವೂ ಸರಿಯಾಗಿದೆ, ಆದರೆ ಬಾಯಲ್ಲಿ ನೀರೂರುವಂಥದ್ದು ಏನೂ ಇಲ್ಲ.

ಬಾಲೂ ತಮ್ಮ 2 ಇದಕ್ಕೆ ಪೂರ್ತಿ ತಿರುಗುಮುರುಗು. ಮುಂಬೈನ ಏಕ್ ಟೈಪ್ ತಂಡದ ಫಾಂಟ್ ಇದು. ಮೊದಲು ಬಂದ ಬಾಲೂಗೆ ಒಂದೇ ದಪ್ಪ ತೂಕವಿತ್ತು. ಎರಡನೇ ಆವೃತ್ತಿಯಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ತೂಕಗಳಿವೆ. ಗೆರೆಯ ತುದಿಗಳೆಲ್ಲಾ ದುಂಡಗೆ. ಕನ್ನಡ ಮೊದಲೇ ದುಂಡು ಲಿಪಿ, ಅದಕ್ಕೆ ಈ ಮೃದು ತುದಿ ಸೇರಿದರೆ ‘ಲಡ್ಡು’ ಅನ್ನುವ ಪದ ಲಡ್ಡುವಿನಂತೆಯೇ ಕಾಣುತ್ತದೆ. ಮುಚ್ಚಳದ ಮೇಲೆ ದೂರದಿಂದಲೇ ಕರೆಯುವ ಗುಣ ಐದರಲ್ಲಿ ಇದಕ್ಕೇ ಜಾಸ್ತಿ. ಮಕ್ಕಳ ಕೈಗೆ ಹೋಗುವ ಡಬ್ಬಿಗೆ ನಾನು ಎರಡು ಸಲ ಯೋಚಿಸದೆ ಇದನ್ನೇ ಹಾಕುತ್ತೇನೆ. ‘ಒಬ್ಬಟ್ಟು’ವಿನ ಒತ್ತುಗಳನ್ನು ಕುಗ್ಗಿಸಿ ಮೂಲೆಗೆ ತಳ್ಳಿಲ್ಲ. ಅವೂ ಮೇಲಿನ ಅಕ್ಷರದಷ್ಟೇ ದಪ್ಪ, ಅಷ್ಟೇ ಹೊಟ್ಟೆ ತುಂಬಿದಂತಿವೆ. ಆದರೆ ಸಾಮಾನುಗಳ ಪಟ್ಟಿಗೆ ಇದು ಬೇಡ. ಬೋಲ್ಡ್ ಇಟ್ಟರೆ ‘ಫ’ದ ಸೀಳು ಮುಚ್ಚಿಹೋಗುತ್ತದೆ. ರೆಗ್ಯುಲರ್ ಇಟ್ಟರೂ ದುಂಡು ತುದಿಗಳು ಒಂದಕ್ಕೊಂದು ಹತ್ತಿರವಾಗಿ ಸಾಲು ಕಪ್ಪಗೆ ಕಾಣುತ್ತದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಅನೇಕ್ ಕನ್ನಡ. ಇದೂ ಏಕ್ ಟೈಪ್ ತಂಡದ್ದೇ, 2022ರಲ್ಲಿ ಬಂದಿದ್ದು. ಒಂಬತ್ತು ಭಾರತೀಯ ಲಿಪಿಗಳ ಜೊತೆ ಲ್ಯಾಟಿನ್ ಸೇರಿಸಿ ಮಾಡಿದ ಕುಟುಂಬ, ಅದರಲ್ಲಿ ಕನ್ನಡವನ್ನು ಬಿಡಿಸಿದವರು ವೈಷ್ಣವಿ ಮೂರ್ತಿ. ಇದು ವೇರಿಯಬಲ್ ಫಾಂಟ್. ತೂಕವನ್ನು 100ರಿಂದ 800ರವರೆಗೆ, ಅಗಲವನ್ನು 75ರಿಂದ 125ರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಅಗಲ ಬದಲಾಯಿಸುವುದು ಸುಮ್ನೆ ಒಂದು ಹೆಚ್ಚಿನ ಸೌಲಭ್ಯ ಅಂತ ಅನ್ನಿಸಬಹುದು. ಕನ್ನಡದ ಮಟ್ಟಿಗೆ ಅದೇ ದೊಡ್ಡ ವಿಷಯ. ನಮ್ಮ ಪದಗಳು ಉದ್ದ. ಸಮಾಸ, ವಿಭಕ್ತಿ ಎಲ್ಲಾ ಅಂಟಿಕೊಂಡೇ ಬರುತ್ತವೆ. ನನ್ನ ಲೇಬಲ್ 50 ಮಿ.ಮೀ. ಅಗಲ. ‘ಚಿಕ್ಕಿ’ ಅಂತ ಬರೆಯೋಕೆ ಅದು ಧಾರಾಳ. ಆದರೆ ‘ಕಡಲೆಹಿಟ್ಟಿನ ಬರ್ಫಿ’ಯನ್ನು 24 ಪಾಯಿಂಟ್‌ನಲ್ಲಿ ಒಂದೇ ಸಾಲಿಗೆ ಹಿಡಿಸೋಕೆ ಹೋದರೆ ಕೊನೆಯ ಅಕ್ಷರ ಅಂಚಿನಿಂದ ಆಚೆ ಹೋಗುತ್ತದೆ. ಬೇರೆ ಫಾಂಟುಗಳಲ್ಲಿ ಇದಕ್ಕೆ ಎರಡೇ ದಾರಿ. ಒಂದು, ಸೈಜ್ ಇಳಿಸುವುದು. ಆಗ ಪಕ್ಕದ ಡಬ್ಬಿಯ ಹೆಸರು ದೊಡ್ಡದು, ಇದರದ್ದು ಚಿಕ್ಕದು. ಇನ್ನೊಂದು, ಎಳೆದು ಒತ್ತಿ ಕುಗ್ಗಿಸುವುದು. ಹಾಗೆ ಕುಗ್ಗಿಸಿದರೆ ನಿಂತ ಗೆರೆಗಳು ಸಣಕಲಾಗುತ್ತವೆ, ಮಲಗಿದ ಗೆರೆಗಳು ಮಾತ್ರ ದಪ್ಪ ಉಳಿಯುತ್ತವೆ, ತಲೆಕಟ್ಟು ಅಕ್ಷರದ ಮೇಲೆ ಭಾರ ಹೊರಿಸಿದಂತೆ ಕಾಣುತ್ತದೆ. ಅನೇಕ್‌ನಲ್ಲಿ ಅಗಲವನ್ನು 80ರ ಹತ್ತಿರಕ್ಕೆ ತಂದರೆ ಸಾಕು. ಗೆರೆಯ ದಪ್ಪ ಕೆಡದೆ, ಒಳಗಿನ ಜಾಗ ಮಾತ್ರ ಅಳತೆಯಾಗಿ ಕಿರಿದಾಗುತ್ತದೆ. ‘ಟ್ಟಿ’ಯ ಒತ್ತು ಕೂಡ ಅದರ ಜೊತೆ ಜೊತೆಗೇ ಕಿರಿದಾಗುತ್ತದೆ, ಮುಂದಿನ ‘ನ’ಕ್ಕೆ ಡಿಕ್ಕಿ ಹೊಡೆಯುವುದಿಲ್ಲ. ಪರದೆಯ ಮೇಲೆ ಆ ಸ್ಲೈಡರನ್ನು ನಿಧಾನವಾಗಿ ಎಳೆಯುತ್ತಾ ಒಂದೊಂದು ಅಕ್ಷರ ಹೇಗೆ ಸರಿದು ಜಾಗ ಮಾಡಿಕೊಡುತ್ತದೆ ಅಂತ ನೋಡುವುದೇ ಒಂದು ಖುಷಿ. ಅಕ್ಷರಗಳ ಹುಚ್ಚಿರುವ ಯಾರಾದರೂ ಇದನ್ನು ಒಮ್ಮೆ ಮಾಡಿ ನೋಡಬೇಕು.

ಸಣ್ಣ ಅಕ್ಷರದಲ್ಲಿ ಅನೇಕ್ ನೋಟೋಗಿಂತ ಒಂದು ಕೂದಲೆಳೆಯಷ್ಟು ಹಿಂದೆ. ‘ಬರ್ಫಿ’ ಚೆನ್ನಾಗಿ ಬಂತು, ‘ಮಾವು’ ಕೂಡ. ‘ಖರ್ಜೂರ’ದಲ್ಲಿ ‘ಜೂ’ಗೂ ಅರ್ಕಾವೊತ್ತಿಗೂ ನಡುವೆ ಜಾಗ ಸ್ವಲ್ಪ ಬಿಗಿ ಅನ್ನಿಸಿತು. ಅಗಲವನ್ನು 110ಕ್ಕೆ ಏರಿಸಿದ ಮೇಲೆ ಅದೂ ಸರಿಹೋಯಿತು. ಒಂದೇ ಫಾಂಟ್ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ.

ಟಿರೋ ಕನ್ನಡವನ್ನು ಲೇಬಲ್‌ಗೆ ತಂದಿದ್ದು ಪ್ರೀತಿಯಿಂದ. ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸುವ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಟಿರೋ ಟೈಪ್‌ವರ್ಕ್ಸ್ ಮಾಡಿದ ಅಕ್ಷರಗಳಿವು. ಒಂದು ಪುಟ ತುಂಬಾ ಹಾಕಿ ಫೋನಿನಲ್ಲಿ ಓದಿ ನೋಡಿ, ಕಣ್ಣಿಗೆ ಎಷ್ಟು ಹಿತ ಅಂತ ಗೊತ್ತಾಗುತ್ತದೆ. ಗೆರೆ ದಪ್ಪವಾಗಿ ಶುರುವಾಗಿ ತಿರುವಿನಲ್ಲಿ ತೆಳುವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಒತ್ತುಗಳಿಗೆ ಕೆಳಗೆ ಬೇಕಾದಷ್ಟು ಜಾಗ ಕೊಟ್ಟಿದ್ದಾರೆ. ಉದ್ದನೆಯ ಓದಿಗೆ ಐದರಲ್ಲಿ ಇದೇ ಮೊದಲು, ಎರಡನೆಯದಕ್ಕೂ ಇದಕ್ಕೂ ಬಹಳ ಅಂತರ. ಆದರೆ 203 ಡಿಪಿಐನಲ್ಲಿ ಆ ತೆಳು ತಿರುವುಗಳೇ ಇದಕ್ಕೆ ಮುಳುವು. ‘ದ್ರಾಕ್ಷಿ’ಯ ಗೆರೆ ನಡುವೆ ಕಡಿದುಹೋಯಿತು. ಅದೇ ಲೇಬಲನ್ನು 600 ಡಿಪಿಐ ಲೇಸರ್ ಪ್ರಿಂಟರಿನಲ್ಲಿ ತೆಗೆದಾಗ ಗೆರೆ ಪೂರ್ತಿ ಬಂತು. ಅಂದರೆ ತಕರಾರು ಫಾಂಟಿನದ್ದಲ್ಲ, ಚುಕ್ಕಿಯದ್ದು.

ಟಿರೋಗೆ ಬೋಲ್ಡ್ ಇಲ್ಲ ಅನ್ನುವುದು ನೆನಪಿರಲಿ. ರೆಗ್ಯುಲರ್ ಮತ್ತು ಇಟ್ಯಾಲಿಕ್ ಅಷ್ಟೇ. ಆ್ಯಪ್‌ನಲ್ಲಿ ಬೋಲ್ಡ್ ಒತ್ತಿದರೆ ಏನೋ ಒಂದು ದಪ್ಪ ಬರುತ್ತದೆ. ಅದು ಸಾಫ್ಟ್‌ವೇರ್ ತಾನೇ ಗೆರೆಗಳಿಗೆ ಹಚ್ಚಿದ ದಪ್ಪ. ‘ಣ’, ‘ಕೃ’ ಥರದ ಅಕ್ಷರಗಳ ಒಳಗಿನ ಜಾಗ ಆಗ ತುಂಬಿಹೋಗುತ್ತದೆ.

ಹುಬ್ಬಳ್ಳಿ ಫಾಂಟನ್ನು ಮಾಡಿದವರು ಎರಿನ್ ಮೆಕ್‌ಲಾಫ್ಲಿನ್. ಒಂದೇ ತೂಕ, ಗೆರೆ ಎಲ್ಲಾ ಕಡೆ ಒಂದೇ ದಪ್ಪ. ಮಾರ್ಕರ್ ಪೆನ್ನಿನಲ್ಲಿ ಯಾರೋ ಸಲೀಸಾಗಿ ಬರೆದಂಥ ಸಲುಗೆ ಇದರಲ್ಲಿದೆ. ಮನೆಯಲ್ಲಿ ಮಾಡಿದ ಸಿಹಿಗೆ ಈ ಸಲುಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂದರೆ, ‘ಕಜ್ಜಾಯ’ ಅಂತ ಬರೆದ ಲೇಬಲನ್ನು ಬದಲಾಯಿಸೋಕೆ ಮನೆಯವರು ಬಿಡಲೇ ಇಲ್ಲ. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರಲ್ಲಿ ಕಲ್ಲಚ್ಚಿನಲ್ಲಿ (ಲಿಥೋಗ್ರಫಿ) ಹೊರಬಂದಿತ್ತು. ಕಲ್ಲಚ್ಚಿನಲ್ಲಿ ಕೈ ಬರೆದಂತೆಯೇ ಅಕ್ಷರ ಮೂಡುತ್ತದೆ, ಒತ್ತನ್ನು ಎಲ್ಲಿ ಜಾಗವಿದೆಯೋ ಅಲ್ಲಿಗೆ ಸರಿಸಿಕೊಳ್ಳಬಹುದು. ಮೊಳೆ ಜೋಡಿಸುವ ಅಚ್ಚಿನಲ್ಲಿ ಆ ಸ್ವಾತಂತ್ರ್ಯ ಇರಲಿಲ್ಲ. ಹುಬ್ಬಳ್ಳಿಯ ಒತ್ತುಗಳನ್ನು ನೋಡಿದಾಗ ಆ ಕೈಬರಹದ ಸ್ವಾತಂತ್ರ್ಯ ಸ್ವಲ್ಪ ವಾಪಸ್ ಬಂದಂತೆ ನನಗೆ ಅನ್ನಿಸುತ್ತದೆ. ಗೆರೆ ಸಮವಾಗಿರುವುದರಿಂದ ಥರ್ಮಲ್ ಪ್ರಿಂಟಿನಲ್ಲೂ ಎಲ್ಲೂ ಕಡಿಯಲಿಲ್ಲ. ಬೋಲ್ಡ್ ಇಲ್ಲದ್ದರಿಂದ ಹೆಸರನ್ನು ಎತ್ತಿ ತೋರಿಸಲು ಸೈಜ್ ದೊಡ್ಡದು ಮಾಡುವುದೊಂದೇ ದಾರಿ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಸೇರಿ ಮಾಡಿದ ಅಕಾಯ ಕನಡಕ ಅನ್ನುವ ಫಾಂಟ್ ಇನ್ನೂ ಲವಲವಿಕೆಯದ್ದು. ಅದು ಪೋಸ್ಟರಿಗೆ ಹೇಳಿ ಮಾಡಿಸಿದಂತಿದೆ, ಲೇಬಲ್‌ನಲ್ಲಿ ಅದಕ್ಕೆ ಕೈಕಾಲು ಚಾಚಲು ಜಾಗ ಸಾಲದು.

ಈಗ ನಮ್ಮ ಮನೆಯ ಡಬ್ಬಿಗಳ ಮೇಲೆ ಇರುವುದು ಹೀಗೆ: ಹೆಸರು ಅನೇಕ್‌ನಲ್ಲಿ, ಮಕ್ಕಳ ಡಬ್ಬಿಗೆ ಬಾಲೂ, ಕಜ್ಜಾಯಕ್ಕೆ ಮಾತ್ರ ಹುಬ್ಬಳ್ಳಿ. ಸಾಮಾನುಗಳ ಪಟ್ಟಿ ಎಲ್ಲದರಲ್ಲೂ ನೋಟೋ, ಮೀಡಿಯಂ ತೂಕ. ರೆಗ್ಯುಲರ್‌ಗಿಂತ ಮೀಡಿಯಂ ಥರ್ಮಲ್ ಕಾಗದದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಮಾಡುವ ವಿಧಾನ ಬರೆದು ಡಬ್ಬಿಯೊಳಗೆ ಇಡುವ ಚೀಟಿ ಟಿರೋದಲ್ಲಿ, ಅದನ್ನು ಲೇಸರ್ ಪ್ರಿಂಟರಿನಲ್ಲಿ ತೆಗೆಯುತ್ತೇನೆ.

ಫಾಂಟ್ ಯಾವುದೇ ಆಗಲಿ, ಕೆಲವು ಕಡೆ ಎಚ್ಚರ ಬೇಕು. ಸಾಲಿನ ಅಂತರ ಅಕ್ಷರದ ಸೈಜಿನ ಒಂದೂವರೆ ಪಟ್ಟಿಗಿಂತ ಕಡಿಮೆ ಇಡಬೇಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷ್ ಶೀರ್ಷಿಕೆಗಳಲ್ಲಿ ಮಾಡುವಂತೆ ಅಕ್ಷರಗಳ ನಡುವೆ ಜಾಗ ಹಿಗ್ಗಿಸಬೇಡಿ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಹಾಗೆ ಮಾಡಿದರೆ ದೀರ್ಘವೂ ಒತ್ತೂ ತಮ್ಮ ಅಕ್ಷರವನ್ನು ಬಿಟ್ಟು ದೂರ ಹೋಗಿ ನಿಲ್ಲುತ್ತವೆ. ‘ಗುಲಾಬ್‌ಜಾಮೂನು’ ಟೈಪ್ ಮಾಡುವಾಗ ‘ಬ್’ ಆದಮೇಲೆ ಜೋಡಣೆ ತಡೆಯುವ ಕೀಲಿ ಒತ್ತಬೇಕು, ಇಲ್ಲದಿದ್ದರೆ ‘ಜ’ ಹೋಗಿ ‘ಬ’ದ ಕೆಳಗೆ ಒತ್ತಾಗಿಬಿಡುತ್ತದೆ. ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಆಗಿದೆಯಾ ನೋಡಿಕೊಳ್ಳಿ. ಅದು ಆಫ್ ಇದ್ದರೆ ‘ಸಕ್ಕರೆ’ಯ ಒತ್ತು ಕಳಚಿಕೊಂಡು ಸಾಲಿನಲ್ಲಿ ಬೇರೆ ಅಕ್ಷರವಾಗಿ ನಿಲ್ಲುತ್ತದೆ. ಬೇರೆಯವರ ಪ್ರಿಂಟರಿಗೆ ಫೈಲ್ ಕಳಿಸುವುದಾದರೆ ಪಿಡಿಎಫ್ ಮಾಡುವ ಮೊದಲು ಅಕ್ಷರಗಳನ್ನೆಲ್ಲಾ ಔಟ್‌ಲೈನ್‌ಗೆ, ಅಂದರೆ ಬರೀ ಆಕಾರಗಳಾಗಿ, ಬದಲಾಯಿಸಿ, ಬದಲಾಯಿಸಿದ ಮೇಲೆ ‘ಬರ್ಫಿ’ಯನ್ನು ಇನ್ನೊಂದು ಸಲ ಓದಿ ನೋಡಿ.